ಟೀ ಆರುವುದರೊಳಗೆ ಆಕ್ಷೇಪಣೆ

ಏಯ್! ಮಹಡಿ ಮೇಲೆ ಬಟ್ಟೆ ಹರವ್ತಾ ಇರೋರೇ! ಗೇಟಿಗೆ ಒರಗಿಕೊಂಡು ಹಲ್ಲುಜ್ಜುತ್ತಾ ಇರೋರೇ! ಸ್ಕೂಟರ್ ಒದ್ದೂ ಒದ್ದೂ ಬೆವರ್ತಾ ಇರೋ ಅಣ್ಣಾ, ಅದು ಇವತ್ತು ಸ್ಟಾರ್ಟ್ ಆಗಲ್ಲ, ಬಿಟ್ಬಿಟ್ಟು ಈ ಕಡೆ ಕಿವಿ ಕೊಡಿ! ನಮ್ಮ ಎದುರುಮನೆ ವರಾಂಡದಲ್ಲಿ ಚಪ್ಪಲಿ ಸ್ಟ್ಯಾಂಡ್ ಪಕ್ಕ ಬೆತ್ತದ ಕುರ್ಚಿ ಹಾಕ್ಕೊಂಡು ಒಬ್ಬರು ಕೂತಿದ್ದಾರಲ್ಲ, ನಿನ್ನೆ ಮಧ್ಯಾಹ್ನ ನಿಮ್ಮಲ್ಲೇ ಯಾರೋ 'ಏನ್ರೀ, ಹೊಸ ವಾಚ್‌ಮನ್ನಾ?' ಅಂತ ಕೇಳಿದ್ರಂತಲ್ಲ, ವಾಚ್‌ಮನ್ ಅಲ್ಲ ಕಣ್ರೀ ಅವರು. ಅವರು ನಮ್ಮ ದೊಡ್ಡಪ್ಪ. ಆ ಮನೆ ಯಜಮಾನರು. (ಯಜಮಾನರು ಅನ್ನೋ ಮಾತಿಗೆ ದೊಡ್ಡಮ್ಮನ ಅನುಮೋದನೆ ಇನ್ನೂ ಬರ್ಬೇಕು.)

ಯಾಕೆ ಅಲ್ಲಿ ಕೂತಿದ್ದಾರೆ ಅಂತ ಹೇಳ್ತೀನಿ. ನಮ್ಮ ಬೀದಿ ಗ್ರೂಪಿಗೆ ಕಳಿಸ್ತಿರೋ ಈ ಆಡಿಯೋ ಸ್ವಲ್ಪ ಉದ್ದ ಇದೆ, ಓಡಿಸ್ಕೊಂಡು ಕೇಳ್ಬೇಡಿ. ಓಡಿಸಿದ್ರೆ ದೊಡ್ಡಪ್ಪನ ಸುಸ್ತು ನಿಮಗೆ ತಿಳಿಯಲ್ಲ.

ದೊಡ್ಡಪ್ಪ ಕೆಲಸ ಮಾಡೋದು ಕಾನೂನು ಇಲಾಖೇಲಿ. ಯಾರಾದ್ರೂ ಹೊಸ ನಿಯಮ ಬರೆದ್ರೆ, ಅದರ ಪದಗಳು ನೆಟ್ಟಗಿದಾವಾ ಅಂತ ನೋಡೋ ವಿಭಾಗ. ಅದರಲ್ಲೂ ದೊಡ್ಡಪ್ಪನ ಪಾಲಿಗೆ ಬಂದಿರೋದು ಒಂದೇ ಮಾತು, 'ಹೂಂ' ಅನ್ನೋ ಮಾತು. ಅಪ್ಪಣೆ, ಅನುಮತಿ, ಸಮ್ಮತಿ, ಅನುಮೋದನೆ, ಮಂಜೂರಾತಿ, ಅಂಗೀಕಾರ, ದೃಢೀಕರಣ, ಸ್ಥಿರೀಕರಣ. ನಮಗೆ ಎಲ್ಲಾ ಒಂದೇ, ತಲೆ ಆಡಿಸಿದ್ರೆ ಆಯ್ತು. ದೊಡ್ಡಪ್ಪನ ಮುಂದೆ ಹಾಗಂದು ನೋಡಿ! "ಅನುಮತಿ ಕೆಲಸಕ್ಕೆ ಮುಂಚೆ. ಅನುಮೋದನೆ ಅಂದ್ರೆ ಕೆಳಗಿನವರ ತೀರ್ಮಾನಕ್ಕೆ ಮೇಲಿನವರು ಸೈ ಅನ್ನೋದು. ದೃಢೀಕರಣ ಅಂದ್ರೆ ಇದು ಅದೇ, ಬೇರೆ ಅಲ್ಲ ಅಂತ ಎದೆ ತಟ್ಟಿ ಹೇಳೋದು. ಸ್ಥಿರೀಕರಣ ಅಂದ್ರೆ ಅಲ್ಲಾಡ್ತಾ ಇದ್ದದ್ದನ್ನ ಗಟ್ಟಿ ಮಾಡೋದು." ಇಷ್ಟು ಹೇಳಿ ಕನ್ನಡಕ ಒರೆಸ್ಕೋತಾರೆ. ನಾವು ಅಲ್ಲಾಡ್ತಾ ನಿಂತಿರ್ತೀವಿ.

ಇಷ್ಟೊಂದು ಬಗೆಯ 'ಹೂಂ' ಗೊತ್ತಿದ್ದ ಮನುಷ್ಯನನ್ನ ಮನೇಲಿ ಯಾರೂ, ಒಂದೇ ಒಂದು ಸಲ ಕೂಡ, "ಹೂಂ ಅಂತೀರಾ?" ಅಂತ ಕೇಳಿರ್ಲಿಲ್ಲ. ಪರದೆ ಬದಲಾಗ್ತಿತ್ತು, ಮಂಚ ತಿರುಗ್ತಿತ್ತು, ಫ್ರಿಜ್ಜು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ವರ್ಗವಾಗಿ ಓಡಾಡ್ತಿತ್ತು. ದೊಡ್ಡಪ್ಪನಿಗೆ ಗೊತ್ತಾಗ್ತಿದ್ದದ್ದು ಮೊಣಕಾಲಿಗೆ ಏನಾದ್ರೂ ಬಡಿದಾಗಲೇ.

ಅದನ್ನೆಲ್ಲ ಅವರು ಸಹಿಸ್ಕೊಂಡಿದ್ರು. ಅವರಿಗೆ ಬೇಕಿದ್ದದ್ದು ಒಂದೇ, ಹಿಂದಿನ ಸಣ್ಣ ರೂಮು. ಒಂದು ಕಿಟಕಿ, ತೆಗೆದ್ರೆ ಪಕ್ಕದ ಮನೆ ಗೋಡೆ. ನೋಡೋಕೆ ಏನೂ ಇಲ್ಲ. ಅದೇ ದೊಡ್ಡಪ್ಪನಿಗೆ ಇಷ್ಟ. ದಿನಾ ಆಫೀಸಿಂದ ಬಂದು, ಬಾಗಿಲು ಮುಚ್ಚಿ, ಆ ಬೆತ್ತದ ಕುರ್ಚಿಯಲ್ಲಿ ಕೂತು ಗೋಡೆ ನೋಡ್ತಿದ್ರು. "ಆ ಗೋಡೆ ನನ್ನ ಏನೂ ಕೇಳಲ್ಲ ಕಣೋ" ಅಂತ ಒಂದ್ಸಲ ಹೇಳಿದ್ರು, ಹೇಳುವಾಗ ಮುಖ ಮಗೂ ಥರ ಆಗಿತ್ತು. ಕುರ್ಚಿಯ ಬೆತ್ತ ಅವರ ಆಕಾರಕ್ಕೇ ಜಗ್ಗಿಹೋಗಿದೆ. ಬೇರೆ ಯಾರು ಕೂತ್ರೂ ಒಳಗೆ ಬಿದ್ದುಹೋಗ್ತಾರೆ.

ಕಳೆದ ಶುಕ್ರವಾರಕ್ಕೆ ಹಿಂದಿನ ಶುಕ್ರವಾರ ಏನಾಯ್ತು ಅಂದ್ರೆ, ದೊಡ್ಡಪ್ಪ ಬಂದ್ರು, ಬಾಗಿಲು ಮುಚ್ಚಿದ್ರು, ಉಸ್ಸಪ್ಪಾ ಅಂತ ಕೂತ್ರು. ಕುರ್ಚಿ ಇರ್ಲಿಲ್ಲ.

ಧಡ್!

ನಮ್ಮನೇಲಿ ಲೋಟ ಅಲ್ಲಾಡ್ತು ಅಂದ್ರೆ ನೋಡಿ.

"ಕೂತ್ಕೊಳ್ಳೋಕ್ ಮುಂಚೆ ನೋಡ್ಬಾರ್ದೇನ್ರೀ?" ಅಂತ ದೊಡ್ಡಮ್ಮ ಓಡಿಬಂದ್ರು. "ಗುಡಿಸೋಕೆ ಅಂತ ಈ ಕಡೆ ಸರಿಸಿದ್ದೆ."

"ನನ್ನ ಕುರ್ಚಿ ಎಲ್ಲಿದೆ ಅಂತ ನಾನು ಹುಡುಕ್ಬೇಕೇನೇ? ಒಂದು ಮಾತು ಕೇಳ್ಬಾರ್ದಾ?" ನೆಲದಿಂದಲೇ ದೊಡ್ಡಪ್ಪ.

"ಕುರ್ಚೀನ ಕೇಳ್ದೆ. ಅದೇನೂ ಅನ್ನಲಿಲ್ಲ."

ಅಷ್ಟೇ ಆಗಿದ್ರೆ ಸೊಂಟಕ್ಕೆ ಎಣ್ಣೆ ಹಚ್ಚಿ ಮುಗೀತಿತ್ತು. ಆದರೆ ಆ ಸಾಯಂಕಾಲವೇ ದೊಡ್ಡಮ್ಮ ಫೋನಲ್ಲಿ ಮಾತಾಡ್ತಾ ಇದ್ದದ್ದು ದೊಡ್ಡಪ್ಪನ ಕಿವಿಗೆ ಬಿತ್ತು. "ಅಯ್ಯೋ, ಮನೆ ರಿಪೇರಿ ಅಂದ್ರೆ ಎಲ್ಲಿರ್ತೀಯೋ ಪಾಪ... ಒಂದು ರೂಮು ಸಿಕ್ಕಿದ್ರೆ ಸಾಕು ಅಲ್ವಾ... ನೋಡೋಣ ಇರು..." ಹೇಳ್ತಾ ಹೇಳ್ತಾ ದೊಡ್ಡಮ್ಮನ ಕಣ್ಣು ಸಣ್ಣ ರೂಮಿನ ಬಾಗಿಲನ್ನ ಮೇಲಿಂದ ಕೆಳಗೆ ಅಳೀತಾ ಇತ್ತು. ಫೋನಿನ ಆ ಕಡೆ ಇದ್ದದ್ದು ದೊಡ್ಡಮ್ಮನ ತಮ್ಮ. ಬ್ಯಾಂಡ್ ಕಂಪನೀಲಿ ದೊಡ್ಡ ಡ್ರಮ್ ಬಾರಿಸ್ತಾರೆ, ನಾವೆಲ್ಲ ಡ್ರಮ್ ಮಾವ ಅಂತೀವಿ. ಒಳ್ಳೆ ಮನುಷ್ಯ. ಹೂವಿನಂಥ ಮನಸ್ಸು. ಕೈ ಮಾತ್ರ ಸುತ್ತಿಗೆ. ಊಟಕ್ಕೆ ಕೂತ್ರೂ ತಟ್ಟೆ ಬಾರಿಸ್ತಾರೆ.

ದೊಡ್ಡಪ್ಪನಿಗೆ ಅನ್ನ ಇಳೀಲಿಲ್ಲ. ಗೋಡೆ ಕೈತಪ್ಪಿ ಹೋಗ್ತಾ ಇದೆ! ಎರಡು ದಿನ ಯೋಚನೆ ಮಾಡಿದ್ರು. ಭಾನುವಾರ ತಿಂಡಿ ಹೊತ್ತಿಗೆ, ತಟ್ಟೆ ಪಕ್ಕಕ್ಕೆ ಸರಿಸಿ, ಎದ್ದು ನಿಂತ್ರು. ಮುಂದೆ ದೊಡ್ಡಮ್ಮ, ದೊಡ್ಡಪ್ಪನ ಅಮ್ಮ ಅಂದ್ರೆ ನಮ್ಮಜ್ಜಿ, ಆಮೇಲೆ ದೊಡ್ಡಪ್ಪನ ಮಗಳು, ನಮಗೆ ಅಕ್ಕ.

"ಇವತ್ತಿನಿಂದ ಜಾರಿಗೆ ಬರುವಂತೆ," ಅಂದ್ರು, "ಈ ಮನೆಯ ಯಾವುದೇ ವಸ್ತು ಜಾಗ ಬಿಟ್ಟು ಜಾಗಕ್ಕೆ ಹೋಗುವುದಾದರೆ, ಯಾವುದೇ ವ್ಯಕ್ತಿ ಬಂದು ತಂಗುವುದಾದರೆ, ನನ್ನ ಪೂರ್ವಾನುಮೋದನೆ ಪಡೆಯತಕ್ಕದ್ದು."

ದೊಡ್ಡಪ್ಪ ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ರು. (ಸೊಂಟ ಇನ್ನೂ ನೋಯ್ತಿತ್ತು.) ದೊಡ್ಡಮ್ಮ ಶಾಂತವಾಗಿ, "ಆಯ್ತು" ಅಂದ್ರು.

ಅಲ್ಲೇ ಅನುಮಾನ ಬರ್ಬೇಕಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ದೊಡ್ಡಮ್ಮ ಒಂದೇ ಏಟಿಗೆ 'ಆಯ್ತು' ಅಂದಿದ್ದು ಅದೇ ಮೊದಲು.

"ಒಂದೇ ಒಂದು ಕೇಳ್ಲಾ?" ಅಂದ್ರು ದೊಡ್ಡಮ್ಮ. "ನಾನು ಕೇಳಿದಾಗ ನೀವು ಪೇಪರ್ ಹಿಂದೆ ಸೇರ್ಕೊಂಡು ಬಾಯೇ ಬಿಡದಿದ್ರೆ? ಎಷ್ಟು ಹೊತ್ತು ಅಂತ ಕಾಯಲಿ?"

ನೋಡಿ, ಇಲ್ಲೇ ದೊಡ್ಡಪ್ಪ ಎಡವಿದ್ದು. ಬೇರೆ ಯಾವ ಗಂಡನಾದ್ರೂ 'ನಾನು ಹೇಳೋವರೆಗೂ ಕಾಯಿ' ಅಂತಿದ್ದ. ಆದರೆ ಮೂವತ್ತು ವರ್ಷದಿಂದ ನಿಯಮ ತಿದ್ದಿ ತಿದ್ದಿ ಸವೆದ ಕೈ! ಕಾಲಮಿತಿ ಇಲ್ಲದ ನಿಯಮ ಕಂಡ್ರೆ ಅವರಿಗೆ ಗುಂಡಿ ಇಲ್ಲದ ಅಂಗಿ ಕಂಡ ಹಾಗೆ, ಹೊಲೀದೆ ಇರೋಕಾಗಲ್ಲ. ಕೈಲಿದ್ದ ಟೀ ಲೋಟ ನೋಡಿದ್ರು. ಕಣ್ಣು ಮುಚ್ಚಿದ್ರು. ಬಾಯಿಂದ ತಾನಾಗೇ ಬಂತು.

"ಪ್ರಸ್ತಾವವನ್ನು ನನ್ನ ಸಮ್ಮುಖದಲ್ಲಿ ಒಂದು ಲೋಟ ಬಿಸಿ ಟೀಯೊಂದಿಗೆ ಮಂಡಿಸತಕ್ಕದ್ದು. ಸದರಿ ಟೀ ಆರುವುದರೊಳಗೆ ನಾನು ಆಕ್ಷೇಪಣೆ ಸಲ್ಲಿಸದಿದ್ದಲ್ಲಿ, ಪ್ರಸ್ತಾವವನ್ನು ಅನುಮೋದಿಸಲಾಗಿದೆಯೆಂದು ಭಾವಿಸತಕ್ಕದ್ದು."

ಹೇಳಿ ಅವರಿಗೇ ರೋಮಾಂಚನ. ಇನ್ನೊಂದ್ಸಲ ಹೇಳಿದ್ರು. ಅಕ್ಕನ ಕೈಲಿ ಹೇಳಿಸಿದ್ರು.

"ಅಂದ್ರೆ ನೀನು ಸುಮ್ನಿದ್ರೆ ಒಪ್ಪಿದ ಹಾಗೆ ಅಂತ ತಾನೇ?" ಅಂದ್ರು ಅಜ್ಜಿ.

"ಹೌದಮ್ಮ. ಕಾನೂನು."

"ಮದುವೆ ಆದಾಗಿಂದ ಅದೇ ತಾನೇ ನಡೀತಿರೋದು? ಇದರಲ್ಲಿ ಹೊಸದೇನು ಬಂತೋ?"

ಸೋಮವಾರದಿಂದ ಶುರುವಾಯ್ತು ನೋಡಿ. ದೊಡ್ಡಪ್ಪ ಇನ್ನೂ ಶೂ ಬಿಚ್ಚಿಲ್ಲ, ದೊಡ್ಡಮ್ಮ ಲೋಟ ಹಿಡ್ಕೊಂಡು ಬಾಗಿಲಲ್ಲಿ.

"ರೀ, ಒಲೆ ಮೇಲೆ ಹಾಲಿದೆ. ಒಲೆ ಆರಿಸೋಕೆ ಪೂರ್ವಾನುಮೋದನೆ ಬೇಕು."

"ಒಲೆ ಆರಿಸೋದಕ್ಕೆಲ್ಲ ಯಾಕೇ? ಜಾಗ ಬದಲಾವಣೆಗೆ ಮಾತ್ರ ಅಂದಿದ್ದೆ."

"ಅದನ್ನೇ ಹೇಳ್ತಿರೋದು. ಹಾಲು ಪಾತ್ರೆ ಬಿಟ್ಟು ಒಲೆಗೆ ಹೋಗ್ತಾ ಇದೆ. ಜಾಗ ಬದಲಾವಣೆ ಅಲ್ವಾ?"

"ಅನುಮೋದಿಸಿದೆ! ಅನುಮೋದಿಸಿದೆ! ಓಡು!"

ಓಡೋ ಹೊತ್ತಿಗೆ ಹಾಲು ಒಲೆ ಇಳಿದು, ಕಟ್ಟೆ ದಾಟಿ, ನೆಲದ ಮೇಲೆ ಸ್ವತಂತ್ರವಾಗಿ ಹರೀತಿತ್ತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತ್ಕೊಂಡು, "ಚೆಲ್ಲಿಹೋಗಿದೆ. ಈಗ ಘಟನೋತ್ತರ ಅನುಮೋದನೆ ಕೊಡ್ತೀರಾ?" ಅಂದ್ರು.

ದೊಡ್ಡಪ್ಪ ಕೋಪ ಮಾಡ್ಕೋಬೇಕಿತ್ತು. ಆದರೆ ಆ ಪದ ಕೇಳಿ ಅವರ ಕಣ್ಣಂಚು ಒದ್ದೆ ಆಯ್ತು. "ಘಟನೋತ್ತರ... ಎಷ್ಟು ಸರಿಯಾಗಿ ಹೇಳ್ದೆ ಕಣೇ! ನಮ್ಮ ವಿಭಾಗದಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ" ಅಂತ ಹೇಳ್ತಾ, ಬಟ್ಟೆ ತಗೊಂಡು ನೆಲ ಒರೆಸಿದ್ರು. ಒರೆಸಿದ ಮೇಲೆ ಹೊಳೀತು, ಒರೆಸಿದ್ದು ತಾನು ಅಂತ.

ಮಂಗಳವಾರ ಆಫೀಸಲ್ಲಿ, ಮೇಲಧಿಕಾರಿ ಮೇಡಂ ಎದುರು ಕೂತಿದ್ದಾಗ ಫೋನು. ಅಜ್ಜಿ. ಕಿವಿ ಮಂದ ಅಂತ ಅಜ್ಜಿ ಎಲ್ಲರಿಗೂ ಕೂಗೇ ಮಾತಾಡೋದು, ಫೋನು ಇಡೀ ರೂಮಿಗೆ ಕೇಳ್ತಿತ್ತು.

"ಮಗಾ! ನನ್ನ ಹಲ್ಲುಸೆಟ್ಟು ಲೋಟದಲ್ಲಿದೆ ಕಣೋ! ಬಾಯಿಗೆ ಹೋಗ್ಬೇಕು! ಜಾಗ ಬಿಟ್ಟು ಜಾಗ! ಹೂಂ ಅಂತೀಯಾ ಇಲ್ವಾ? ಊಟ ಆರ್ತಾ ಇದೆ!"

ದೊಡ್ಡಪ್ಪ ಬಾಯಿ ಬಿಡೋಕ್ ಮುಂಚೆ ಮೇಡಂ ಕಡತದಿಂದ ತಲೆ ಎತ್ತದೇ, "ಮಂಜೂರು ಮಾಡ್ರೀ, ಪಾಪ, ಹಸಿವಾಗಿರುತ್ತೆ" ಅಂದ್ರು. ಆಮೇಲೆ ತಲೆ ಎತ್ತಿ, "ಸ್ಥಿರೀಕರಣ ಅಂದ್ರೂ ನಡೆಯುತ್ತೆ ಅಲ್ವಾ? ಅಲ್ಲಾಡ್ತಾ ಇರೋದು ಹಲ್ಲು ತಾನೇ" ಅಂದ್ರು. ಇಡೀ ವಿಭಾಗ ಫೈಲ್ ಹಿಂದೆ ಮುಖ ಮುಚ್ಕೊಂಡು ಅಲ್ಲಾಡ್ತು.

ಬುಧವಾರ ಕಸ ಒಳಗಿಂದ ಹೊರಗೆ. ಗುರುವಾರ ಅಕ್ಕನ ಕೂದಲು ಬಲ ಭುಜದಿಂದ ಎಡ ಭುಜಕ್ಕೆ. ಪ್ರತಿ ಪ್ರಸ್ತಾವಕ್ಕೂ ಒಂದು ಲೋಟ ಬಿಸಿ ಟೀ. ನಿಯಮ ಅಂದ್ರೆ ನಿಯಮ! ಕುಡಿದೂ ಕುಡಿದೂ ದೊಡ್ಡಪ್ಪನ ಹೊಟ್ಟೆ ಕೊಡದ ಥರ ಕುಲುಕ್ತಿತ್ತು. ರಾತ್ರಿ ನಿದ್ದೆ ಇಲ್ಲ, ಹಗಲು ಗೋಡೆ ಇಲ್ಲ. ರೂಮಿನ ಬಾಗಿಲು ಮುಚ್ಚಿದ್ರೆ ಸಾಕು, ಟಕ್ ಟಕ್. ಮೊದಲು ಯಾರೂ ಏನೂ ಕೇಳ್ತಿಲ್ಲ ಅಂತ ಸಂಕಟ. ಈಗ ಎಲ್ಲಾರೂ ಎಲ್ಲಾನೂ ಕೇಳ್ತಾರೆ ಅಂತ ಸಂಕಟ. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಹಾಗಾಯ್ತು.

"ಅಪ್ಪ, ನಿಯಮ ವಾಪಸ್ ತಗೊಂಡ್ಬಿಡಿ" ಅಂತ ಅಕ್ಕ ಕನಿಕರದಿಂದ ಹೇಳಿದ್ಲು.

"ತಗೊಂಡ್ರೆ ನಿಮ್ಮಮ್ಮ ನಾಳೆನೇ ಡ್ರಮ್ ತಂದು ಇಳಿಸ್ತಾಳೆ. ಸತ್ರೂ ತಗೊಳಲ್ಲ" ಅಂದ್ರು ದೊಡ್ಡಪ್ಪ. ಅಷ್ಟು ಗಟ್ಟಿಯಾಗಿ ಹೇಳೋಕೂ ಶಕ್ತಿ ಇರ್ಲಿಲ್ಲ, ಮಧ್ಯದಲ್ಲಿ ಒಂದು ಆಕಳಿಕೆ ಬಂದು ಹೋಯ್ತು.

ನಿನ್ನೆ ಶನಿವಾರ. ಅರ್ಧ ದಿನ ಆಫೀಸು. ದೊಡ್ಡಪ್ಪ ಬಂದವರೇ ಅಡುಗೆಮನೆ ಕಡೆ ಕಳ್ಳ ನೋಟ ಹಾಕಿದ್ರು. ಯಾರೂ ಎದುರು ಬರ್ಲಿಲ್ಲ. ಮೆಲ್ಲಗೆ ರೂಮಿಗೆ ಹೋದ್ರು. ಕುರ್ಚಿ ಇದೆಯಾ ಅಂತ ಕೈಯಿಂದ ಮುಟ್ಟಿ ದೃಢೀಕರಿಸ್ಕೊಂಡ್ರು. ಕೂತ್ರು. ಜೇಬಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿದ್ರು. ಗೋಡೆ ಕಾಣಿಸ್ತು. ಆಹಾ! ಒಂದು ವಾರದ ನಿದ್ದೆ, ಸಾಲಾಗಿ ನಿಂತು ಕಾಯ್ತಿದ್ದದ್ದು, ಒಟ್ಟಿಗೇ ಮೇಲೆ ಬಿತ್ತು.

ಆಮೇಲೆ ನಡೆದದ್ದು ದೊಡ್ಡಪ್ಪನಿಗೆ ಗೊತ್ತಿಲ್ಲ. ಅಜ್ಜಿ ಹೇಳಿದ್ದು.

ದೊಡ್ಡಮ್ಮ ಬಿಸಿ ಬಿಸಿ ಟೀ ತಂದು ದೊಡ್ಡಪ್ಪನ ಮೊಣಕೈ ಹತ್ರ ಸ್ಟೂಲ್ ಮೇಲೆ ಇಟ್ರು. ಅಜ್ಜಿ ಒಂದು ಕಡೆ, ಅಕ್ಕ ಒಂದು ಕಡೆ. ದೊಡ್ಡಮ್ಮ ಗಂಟಲು ಸರಿಮಾಡ್ಕೊಂಡು, ಸಭೆ ಮುಂದೆ ನಿಂತ ಹಾಗೆ ನಿಂತು, "ನನ್ನ ತಮ್ಮ ಮನೆ ರಿಪೇರಿ ಮುಗಿಯುವವರೆಗೆ ಈ ರೂಮಿನಲ್ಲಿ ಡ್ರಮ್ ಸಮೇತ ತಂಗುವುದಕ್ಕೂ, ಈ ಕುರ್ಚಿ ವರಾಂಡಕ್ಕೆ ಹೋಗುವುದಕ್ಕೂ ಅನುಮೋದನೆ ಕೋರುತ್ತೇನೆ" ಅಂದ್ರು. ಪಿಸುಗುಟ್ಟಲಿಲ್ಲ ಕಣ್ರೀ, ನ್ಯಾಯವಾಗಿ, ಗಟ್ಟಿಯಾಗಿ ಹೇಳಿದ್ರು. ಹತ್ತಿ ಗಟ್ಟಿ ಇತ್ತು, ಅದಕ್ಕೆ ಅವರೇನು ಮಾಡ್ತಾರೆ?

ಕಾದ್ರು. ದೊಡ್ಡಪ್ಪ ಗೊರ್ ಅಂದ್ರು.

"ಗೊರಕೆ ಆಕ್ಷೇಪಣೆ ಆಗುತ್ತಾ ಅಮ್ಮ?" ಅಂತ ಅಕ್ಕ ಅನುಮಾನಪಟ್ಲು.

ಅಜ್ಜಿ ಬಗ್ಗಿ, ಮಗನ ಮೂಗಿನ ಹತ್ರ ಕಿವಿ ಇಟ್ಟು ಆಲಿಸಿದ್ರು. "ಇಲ್ಲ ಕಣೇ. 'ಹೂಂ... ಹೂಂ...' ಅಂತಿದಾನೆ. ಒಪ್ಪಿದ ಗೊರಕೆ ಇದು. ಇವರಪ್ಪಂದೂ ಹೀಗೇ ಇತ್ತು."

ಟೀ ಮೇಲೆ ಕೆನೆ ಕಟ್ತು. ಅಜ್ಜಿ ಕಿರುಬೆರಳು ಅದ್ದಿ, ನೆಕ್ಕಿ, "ಆರಿದೆ ಅಂತ ದೃಢೀಕರಿಸಿದೀನಿ" ಅಂದ್ರು. ಡ್ರಮ್ ಮಾವ, ಬ್ಯಾಂಡಿನವರು ನಾಲ್ಕು ಜನ, ಬಾಗಿಲಾಚೆ ತುದಿಗಾಲಲ್ಲಿ ನಿಂತಿದ್ರು. ಕುರ್ಚಿ ಎತ್ತಬೇಕು, ಕುರ್ಚೀಲಿ ಭಾವ ಇದಾರೆ.

"ಎಬ್ಬಿಸ್ಲಾ ಅಕ್ಕ?" ಅಂತ ಮಾವ ದೊಡ್ಡಮ್ಮನ್ನ ಕೇಳಿದ್ರು.

"ಬೇಡ್ವೋ, ಪಾಪ, ವಾರದಿಂದ ನಿದ್ದೆ ಇಲ್ಲ ಅವರಿಗೆ" ಅಂದ್ರು ದೊಡ್ಡಮ್ಮ, ನಿಜವಾದ ಮರುಕದಿಂದ. "ಹಾಗೇ ಮೆಲ್ಲಗೆ ಎತ್ಕೊಂಡು ಹೋಗಿ. ತಲೆ ಬಾಗಿಲಿಗೆ ತಾಗ್ದೇ ಇರ್ಲಿ."

ಹಾಗೆ ದೊಡ್ಡಪ್ಪ ನಾಲ್ಕು ಹೆಗಲ ಮೇಲೆ, ಬಾಯಿ ಅರ್ಧ ತೆರ್ಕೊಂಡು, ಹಾಲ್ ದಾಟಿ ಮೆರವಣಿಗೆ ಹೋದ್ರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ವರಾಂಡದಲ್ಲಿ ಇಳಿಸಿದ್ರೂ ಎಚ್ಚರ ಆಗ್ಲಿಲ್ಲ. ಎಚ್ಚರ ಆದದ್ದು ಒಳಗೆ ಮೊದಲನೇ ಪೆಟ್ಟು ಬಿದ್ದಾಗ. ಢಂ! ಹತ್ತಿ ತೂರ್ಕೊಂಡು ಹೋಯ್ತು ಅದು.

ದೊಡ್ಡಪ್ಪ ಕಣ್ಣು ಬಿಟ್ರು. ಗೋಡೆ ಇಲ್ಲ. ಗೋಡೆ ಜಾಗದಲ್ಲಿ ರಸ್ತೆ. ರಸ್ತೇಲಿ ನೀವು. ನೀವು ಕೇಳಿದ್ದು, "ಏನ್ರೀ, ಹೊಸ ವಾಚ್‌ಮನ್ನಾ?"

"ಎಲ್ಲೇ ನನ್ನ ರೂಮು?" ಅಂತ ಕಿರುಚಿದ್ರು ದೊಡ್ಡಪ್ಪ, ಹತ್ತಿ ಕಿತ್ತೆಸೆದು.

"ಅಲ್ಲೇ ಇದೆ. ನೀವು ಮಾತ್ರ ಇಲ್ಲಿದೀರಿ" ಅಂದ್ರು ದೊಡ್ಡಮ್ಮ.

"ನಾನು ಒಪ್ಪಿಲ್ಲ!"

"ಟೀ ಇಟ್ಟೆ. ಸಮ್ಮುಖದಲ್ಲಿ ಹೇಳ್ದೆ. ಟೀ ಆರ್ತು. ನೀವು ಬಾಯೇ ಬಿಡಲಿಲ್ಲ. ಅನುಮೋದಿಸಲಾಗಿದೆಯೆಂದು ಭಾವಿಸಿದೆ."

"ನಿದ್ದೆ ಮಾಡ್ತಿದ್ದೆ ಕಣೇ!"

"ಎಚ್ಚರವಾಗಿರತಕ್ಕದ್ದು ಅಂತ ನೀವೆಲ್ಲಿ ಹೇಳಿದ್ರಿ?"

ದೊಡ್ಡಪ್ಪ ಬಾಯಿ ತೆರೆದ್ರು. ಮನಸ್ಸಲ್ಲೇ ಆ ವಾಕ್ಯನ ತಿರುಗಿಸಿ ನೋಡಿದ್ರು, ಮಗುಚಿ ನೋಡಿದ್ರು, ಎಲ್ಲಾದ್ರೂ ಸಂದು ಇದೆಯಾ ಅಂತ ಉಗುರು ಹಾಕಿ ನೋಡಿದ್ರು. ಇಲ್ಲ. ಇಷ್ಟು ವರ್ಷದಲ್ಲಿ ಅವರು ಕಟ್ಟಿದ ವಾಕ್ಯಗಳಲ್ಲೆಲ್ಲ ಬಿಗಿಯಾದದ್ದು ಅದೇ. ಒಂದು ಇರುವೆ ನುಸುಳೋಕೂ ಜಾಗ ಬಿಟ್ಟಿರ್ಲಿಲ್ಲ.

ಕೊನೇ ಅಸ್ತ್ರ ತೆಗೆದ್ರು. "ಹಾಗಾದ್ರೆ ಈ ಕ್ಷಣದಿಂದ ಆ ನಿಯಮಾನೇ ರದ್ದು!"

"ರದ್ದು ಮಾಡಿ, ಬೇಡ ಅಂದವರು ಯಾರು?" ಅಂದ್ರು ದೊಡ್ಡಮ್ಮ. ಸ್ವಲ್ಪ ಅಳುಕು ಇತ್ತು ದನಿಯಲ್ಲಿ. ನಿಯಮವೇ ಇಲ್ಲ ಅಂದ್ರೆ ಅದರ ಕೆಳಗೆ ಸಿಕ್ಕ ಅನುಮೋದನೆಯೂ ಇಲ್ಲ. ಒಳಗೆ ಡ್ರಮ್ಮೂ ನಿಂತಿತ್ತು. ಅಜ್ಜಿ, ಅಕ್ಕ ಹೊಸ್ತಿಲಿಗೆ ಬಂದು ನಿಂತಿದ್ರು. ಗೆದ್ದೇಬಿಟ್ಟಿದ್ರು ನಮ್ಮ ದೊಡ್ಡಪ್ಪ! ಅಲ್ಲಿಗೆ ಬಾಯಿ ಮುಚ್ಚಿದ್ರೆ ಗೋಡೆ ಮತ್ತೆ ಅವರದೇ.

ಆದರೆ ರದ್ದು ಅಂದ ಮೇಲೆ ಹಿಂದೆ ಬರೋ ವಾಕ್ಯ ಒಂದಿದೆಯಲ್ಲ. ಮೂವತ್ತು ವರ್ಷದ ಅಭ್ಯಾಸ. ಸೀನು ಬಂದ ಹಾಗೆ, ತಡೆಯೋಕೆ ಆಗದೆ, ದೊಡ್ಡಪ್ಪನ ಬಾಯಿಂದ ಅದೂ ಹೊರಗೆ ಬಂತು:

"ಆದಾಗ್ಯೂ, ಸದರಿ ರದ್ದತಿಯು ಈಗಾಗಲೇ ಮಾಡಲಾದ ಯಾವುದೇ ಕಾರ್ಯಕ್ಕೆ ಬಾಧಕವಾಗತಕ್ಕದ್ದಲ್ಲ..."

ಹೇಳಿ ಮುಗಿಸಿ, ತಾವು ಹೇಳಿದ್ದು ತಮಗೇ ಕೇಳಿಸಿ, ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ್ರು.

"ಕೇಳಿಸ್ತಾ ಎಲ್ಲರಿಗೂ?" ಅಂದ್ರು ದೊಡ್ಡಮ್ಮ.

ಒಳಗಿಂದ ಢಂ ಢಂ ಢಮಾರ್! "ಥ್ಯಾಂಕ್ಸ್ ಭಾವ!" ಅಂತ ಡ್ರಮ್ ಮಾವ ಹೂವಿನಂಥ ದನಿಯಲ್ಲಿ ಕೂಗಿದ್ರು.

ಅಜ್ಜಿ ಮಾತ್ರ ಹೋಗೋ ಮುಂಚೆ ಮಗನ ತಲೆ ಸವರಿ, "ನೀನು ಚಿಕ್ಕೋನಿದ್ದಾಗ್ಲೂ ಹೀಗೇ ಕಣೋ. ಕಣ್ಣಾಮುಚ್ಚಾಲೆ ಆಡುವಾಗ ಬಚ್ಚಿಟ್ಕೊಂಡು, 'ನಾನು ಇಲ್ಲಿಲ್ಲ' ಅಂತ ಕೂಗ್ತಿದ್ದೆ" ಅಂದ್ರು.

ಸಾಯಂಕಾಲದವರೆಗೂ ದೊಡ್ಡಪ್ಪ ಅಲ್ಲೇ ಕೂತಿದ್ರು. ಚಪ್ಪಲಿ ಸ್ಟ್ಯಾಂಡಿನ ಮೂಲೆ ಅವರ ಮೊಣಕಾಲಿಗೆ ಒತ್ತುತ್ತಿತ್ತು. ಕುರ್ಚೀನ ಒಂದೇ ಒಂದು ಗೇಣು ಆ ಕಡೆ ಸರಿಸಿದ್ರೆ ಆರಾಮ, ಜೊತೆಗೆ ಕಂಬದ ಪಕ್ಕದಲ್ಲಿ ಒಂದು ಚೂರು ಗೋಡೆನೂ ಕಾಣುತ್ತೆ. ನಮ್ಮನೇ ಗೋಡೆ. ಆದರೆ ಸರಿಸೋಕೆ ಧೈರ್ಯ ಬರ್ಲಿಲ್ಲ. ದೊಡ್ಡಮ್ಮ ಆ ಜಾಗದಲ್ಲಿ ಹೂವಿನ ಕುಂಡ ಇಟ್ಟಿದ್ದಾರೆ.

ಆಗ ತಲೇಲಿ ಮಿಂಚು ಹೊಡೀತು. ಎದ್ದು ಅಡುಗೆಮನೆಗೆ ಹೋದ್ರು. ತಾವೇ ಒಂದು ಲೋಟ ಟೀ ಮಾಡಿದ್ರು. ತರಕಾರಿ ಹೆಚ್ತಾ ಇದ್ದ ದೊಡ್ಡಮ್ಮನ ಮುಂದೆ ಇಟ್ಟು, ಕೈ ಕಟ್ಟಿ, "ಕುಂಡ ಒಂದು ಗೇಣು ಆ ಕಡೆ, ಕುರ್ಚಿ ಒಂದು ಗೇಣು ಈ ಕಡೆ. ಅನುಮೋದನೆ ಕೋರ್ತೀನಿ" ಅಂದ್ರು.

"ನಿಯಮ ರದ್ದು ಮಾಡಿದ್ರಲ್ಲ?"

"ನಿನ್ನ ಪರವಾಗಿ ಮತ್ತೆ ಜಾರಿ ಮಾಡಿದೀನಿ."

ದೊಡ್ಡಮ್ಮ ಏನೂ ಅನ್ನಲಿಲ್ಲ. ಹೆಚ್ತಾ ಇದ್ರು. ದೊಡ್ಡಪ್ಪ ಲೋಟದ ಮೇಲಿನ ಹಬೆ ನೋಡ್ತಾ ಗೋಡೆಗೆ ಒರಗಿ ನಿಂತ್ರು. ಹಬೆ ದಪ್ಪಗಿದ್ದದ್ದು ತೆಳ್ಳಗಾಯ್ತು. ತೆಳ್ಳಗಿದ್ದದ್ದು ದಾರ ಆಯ್ತು. ದೊಡ್ಡಮ್ಮ ಇನ್ನೂ ಮೌನ! ದೊಡ್ಡಪ್ಪನ ಎದೆ ಡ್ರಮ್ ಮಾವನ ಕೈಗೆ ಸಿಕ್ಕ ಹಾಗೆ ಬಡ್ಕೊಳ್ತಿತ್ತು. ಇನ್ನೇನು ಆರ್ತು, ಇನ್ನೇನು, ಕಿರುಬೆರಳು ಮುಂದೆ ಮಾಡಿದ್ರು...

ದೊಡ್ಡಮ್ಮ ಚಾಕು ಕೆಳಗಿಟ್ಟು, ಲೋಟ ತಗೊಂಡು, ಟೀನ ಪಾತ್ರೆಗೆ ಬಗ್ಗಿಸಿ, ಮತ್ತೆ ಒಲೆ ಮೇಲಿಟ್ರು. ಕುದಿ ಬಂತು. ಲೋಟಕ್ಕೆ ಸುರಿದು, ಮೊದಲಿದ್ದ ಜಾಗದಲ್ಲೇ ಇಟ್ಟು, ತರಕಾರಿ ಹೆಚ್ಚೋಕೆ ಕೂತ್ರು. ಹಬೆ ದಪ್ಪಗೆ ಎದ್ತು.

ದೊಡ್ಡಪ್ಪ ಒಂದ್ಸಲ ಆ ಹಬೆ ನೋಡಿದ್ರು. ಆಮೇಲೆ ಪ್ರಸ್ತಾವ ವಾಪಸ್ ತಗೊಂಡವರ ಹಾಗೆ ಲೋಟ ಎತ್ಕೊಂಡು, ಬಾಯಿ ಸುಟ್ಕೊಂಡು ಆ ಟೀನ ತಾವೇ ಕುಡಿದ್ರು. ಲೋಟ ತೊಳೆದು, ಬೋರಲು ಹಾಕಿ, ವರಾಂಡಕ್ಕೆ ಬಂದು, ಮೊಣಕಾಲು ಮಡಚ್ಕೊಂಡು ಕೂತ್ರು.